ಕಸದ ಗಾಡಿ ಯಾರದು?

ಚೆನ್ನೈನ ರಾಯಪುರಂ, ಕಲ್‌ಮಂಡಪಂ ರಸ್ತೆಯ ಹಿಂದಿನ ಒಂದು ಬೀದಿ. ಮಾತಾಡುವವರು ಇಬ್ಬರು. ಮದುವೆಯಾಗಿ ಇಲ್ಲಿಗೆ ಬಂದು, ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅತ್ತೆ. ಬೆಂಗಳೂರಿನಲ್ಲಿ ತನ್ನ ವಾರ್ಡಿನ ಹಸಿ ಕಸ, ಒಣ ಕಸದ ಹಿಂದೆ ಬಿದ್ದಿರುವ ಅವರ ಅಣ್ಣನ ಮಗಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು.

ಸೊಸೆ: ಅತ್ತೆ, ಒಂದು ಮಾತು ಕೇಳ್ತೀನಿ, ಬೈಬಾರದು. ಬೀದಿ ಗುಡಿಸೋರು ಕಾರ್ಪೊರೇಷನ್ನವರಾದರೇನು, ಕಂಪನಿಯವರಾದರೇನು? ಬೀದಿ ಚೊಕ್ಕಟವಾಗಿದ್ದರೆ ನಮಗೆ ಸಾಕಲ್ವಾ?

ಅತ್ತೆ: ಬೈಯಲ್ಲ ಬಿಡು. 2025ರ ಆಗಸ್ಟಿನಲ್ಲಿ ಈ ಬೀದಿಯಲ್ಲೂ ಬಹಳ ಜನ ಅದನ್ನೇ ಅಂದರು. ಮೂಲೆಯ ತೊಟ್ಟಿ ತುಂಬಿ ರಸ್ತೆಗೆ ಚೆಲ್ಲಿತ್ತು. ಕಾಶಿಮೇಡು ಮೀನು ಬಂದರು ಪಕ್ಕದಲ್ಲೇ. ಮೀನಿನ ತಲೆ, ಸಿಗಡಿ ಸಿಪ್ಪೆ ಎರಡು ದಿನ ಬಿಸಿಲಲ್ಲಿ ಬಿದ್ದಿದ್ದರೆ ಹೇಗಿರುತ್ತೆ ಅಂತ ನಿಮ್ಮ ಜಯನಗರದವರಿಗೆ ಗೊತ್ತಾಗಲ್ಲ. ಮೂಗಿಗೆ ಸೆರಗು ಹಿಡಿದುಕೊಂಡು ‘ಯಾರಾದರೂ ಬಂದು ಎತ್ತಲಿ’ ಅಂದವರನ್ನು ತಪ್ಪು ಅನ್ನಲಾರೆ. ಆದರೆ ಎತ್ತಬೇಕಾದವರು ಎಲ್ಲಿದ್ದಾರೆ, ಯಾಕೆ ಬಂದಿಲ್ಲ ಅಂತ ಕೇಳಿದವರು ಕಮ್ಮಿ.

ಸೊಸೆ: ಪಾಲಿಕೆ ಕಚೇರಿ ಇರೋ ರಿಪನ್ ಬಿಲ್ಡಿಂಗ್ ಮುಂದೆ ಕೂತಿದ್ದರು. ಪೇಪರಿನಲ್ಲಿ ಓದಿದೆ.

ಅತ್ತೆ: ಪೇಪರಿಗೆ ಬಂದದ್ದು ಕೊನೆಯ ನಾಲ್ಕು ದಿನ. ಆ ವರ್ಷ ಜೂನ್‌ನಲ್ಲೇ ಕೌನ್ಸಿಲ್ ನಿರ್ಣಯ ಮಾಡಿತ್ತು. ರಾಯಪುರಂ ಐದನೇ ವಲಯ, ತಿರು.ವಿ.ಕ. ನಗರ ಆರನೇ ವಲಯ. ಎರಡರ ಕಸವನ್ನೂ ಖಾಸಗಿ ಕಂಪನಿಗೆ ಕೊಡೋದು ಅಂತ. ನಗರದ 15 ವಲಯಗಳಲ್ಲಿ ಹೆಚ್ಚಿನವು ಆಗಲೇ ಕೈಬಿಟ್ಟು ಹೋಗಿದ್ದವು, ಇವು ಉಳಿದಿದ್ದವು. ಇಲ್ಲಿ ಗುಡಿಸುತ್ತಿದ್ದವರು ಸ್ವಸಹಾಯ ಗುಂಪಿನ ಲೆಕ್ಕದಲ್ಲಿ ಪಾಲಿಕೆಯಿಂದಲೇ ಸಂಬಳ ತಗೊಳ್ಳುತ್ತಿದ್ದರು. ಕಾಯಂ ಅಲ್ಲ, ಆದರೂ ಹತ್ತು ವರ್ಷ ದಾಟಿದವರು ಎಷ್ಟೋ ಜನ. ಕೊರೋನಾದಲ್ಲಿ ಅವರೇ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಕೊಳಚೆ ಎತ್ತಿದವರೂ ಅವರೇ. ತಿಂಗಳಿಗೆ ಸುಮಾರು 23,000 ಬರುತ್ತಿತ್ತು. ಕಂಪನಿಗೆ ಸೇರಿದರೆ ಸುಮಾರು 17,000 ಅಂದರು. ಆರು ಸಾವಿರ ಅಂದರೆ ಒಂದು ಮನೆ ಬಾಡಿಗೆ ಕಣೇ.

ಸೊಸೆ: ಹಾಗಂತ ಕಸ ಬಿಟ್ಟು ಕೂತರೆ?

ಅತ್ತೆ: ಬಿಟ್ಟು ಎಲ್ಲಿಗೆ ಹೋದರು? ಆಗಸ್ಟ್ 1ರಿಂದ ಫುಟ್‌ಪಾತಿನ ಮೇಲೆ ಫ್ಲೆಕ್ಸ್ ಹಾಸಿಕೊಂಡು ಕೂತರು. ಕಾಯಂ ಮಾಡ್ತೀವಿ ಅಂತ 2021ರ ಪ್ರಣಾಳಿಕೆಯಲ್ಲಿ ಬರೆದವರು ನೀವೇ ಅಲ್ವೇ ಅಂತ ಆಗ ಆಳುತ್ತಿದ್ದ ಡಿ.ಎಂ.ಕೆ. ಪಕ್ಷವನ್ನು ಕೇಳಿದರು. ಆ ಪಕ್ಷ ಹುಟ್ಟಿದ್ದು ಎಲ್ಲಿ ಗೊತ್ತಾ? ಇಲ್ಲೇ ರಾಯಪುರದ ರಾಬಿನ್‌ಸನ್ ಪಾರ್ಕಿನಲ್ಲಿ, 1949ರ ಸೆಪ್ಟೆಂಬರಿನ ಮಳೆಯಲ್ಲಿ. ನಮ್ಮ ಮಾವನವರು ಆ ಸಭೆಯಲ್ಲಿ ನಿಂತು ನೆನೆದಿದ್ದೆ ಅಂತ ಸಾಯೋವರೆಗೂ ಹೇಳುತ್ತಿದ್ದರು. ಹದಿಮೂರನೇ ದಿನಕ್ಕೆ, ಜನ ಓಡಾಡಲು ಜಾಗವಿಲ್ಲ ಅಂತ ಯಾರೋ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಹೈಕೋರ್ಟು ‘ಅನುಮತಿ ಇಲ್ಲದ ಜಾಗ, ತೆರವು ಮಾಡಿ’ ಅಂತು. ಅವತ್ತು ನಡುರಾತ್ರಿ ಪೊಲೀಸರು ಬಸ್ಸಿಗೆ ತುಂಬಿಕೊಂಡು ಹೋದರು. ಮಾರನೇ ದಿನ ಆಗಸ್ಟ್ 14. ರಜನೀಕಾಂತ್‌ದು ‘ಕೂಲಿ’ ಅಂತ ಸಿನಿಮಾ ಬಿಡುಗಡೆ, ಊರೆಲ್ಲ ಮೊದಲ ಆಟಕ್ಕೆ ಥಿಯೇಟರ್ ಮುಂದೆ. ನಾನು ಕಟ್ಟಿ ಹೇಳುತ್ತಿಲ್ಲ, ಕ್ಯಾಲೆಂಡರ್ ಹಾಗಿತ್ತು.

ಸೊಸೆ: ಸರ್ಕಾರ ಅವತ್ತೇ ಒಂದಿಷ್ಟು ಯೋಜನೆ ಘೋಷಿಸಿತಲ್ಲ?

ಅತ್ತೆ: ಹೂಂ. ಬೆಳಗಿನ ತಿಂಡಿ, ವಿಮೆ, ಮನೆ, ಸಾಲ, ಮಕ್ಕಳ ಓದಿಗೆ ನೆರವು. ಕೆಟ್ಟದ್ದು ಅನ್ನಲ್ಲ. ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಬರೋ ಹೆಂಗಸಿಗೆ ಇಡ್ಲಿ ಸಿಕ್ಕರೆ ಪುಣ್ಯವೇ. ಆದರೆ ಅವರು ಕೇಳಿದ್ದು ಕೆಲಸ. ಹೈಕೋರ್ಟು ಆಮೇಲೆ ಪಾಲಿಕೆಯ ನಿರ್ಣಯವನ್ನು ಹೊಡೆದು ಹಾಕಲಿಲ್ಲ. ಕೊನೆಗೆ ತಗೊಳ್ಳುತ್ತಿದ್ದ ಸಂಬಳಕ್ಕೆ ಕತ್ತರಿ ಬೀಳಬಾರದು ಅಂತ ಮಾತ್ರ ಹೇಳಿತು. ಅಷ್ಟಾದರೂ ಆಯಿತಲ್ಲ, ಅದು ಕೂತಿದ್ದರಿಂದಲೇ ಆದದ್ದು.

ಸೊಸೆ: ಸಂಬಳದ ನ್ಯಾಯ ಒಪ್ಪಿದೆ ಅತ್ತೆ. ಆದರೆ ನನ್ನ ಪ್ರಶ್ನೆ ಸೇವೆಯದು. ಕಂಪನಿ ಬಂದರೆ ಕೆಲಸ ಚೆನ್ನಾಗಿ ಆಗಲ್ವಾ? ಇದೇ ಊರಲ್ಲಿ 2000ದಲ್ಲಿ ಓನಿಕ್ಸ್ ಅಂತ ಬಂದಿತ್ತಲ್ಲ, ಅದನ್ನು ಈಗಲೂ ಹೊಗಳೋರಿದ್ದಾರೆ.

ಅತ್ತೆ: ನಾನೂ ಹೊಗಳ್ತೀನಿ. ಯೂನಿಫಾರ್ಮ್, ಗಾಲಿ ತೊಟ್ಟಿ, ಹೊತ್ತಿಗೆ ಸರಿಯಾಗಿ ಲಾರಿ. ಓನಿಕ್ಸ್ ನೋಡಿಕೊಂಡಿದ್ದು ಮೂರು ವಲಯ, ನಮ್ಮದು ಅದರಲ್ಲಿ ಇರಲಿಲ್ಲ. ತಂಗಿ ಮನೆಗೆ ಆ ಕಡೆ ಹೋದಾಗ ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ದುಡ್ಡು ಕೊಡುತ್ತಿದ್ದದ್ದು ಹೇಗೆ? ಟನ್ನಿಗೆ ಇಷ್ಟು ಅಂತ. ಟನ್ನಿನ ಮೇಲೆ ದುಡ್ಡು ಬರುವಾಗ ಕಸ ಕಮ್ಮಿಯಾಗಲಿ, ಬೇರೆ ಬೇರೆಯಾಗಲಿ ಅಂತ ಯಾರಿಗೆ ಬೇಕು? ಭಾರವಾದಷ್ಟೂ ಒಳ್ಳೆಯದು. ಕಟ್ಟಡದ ಕಲ್ಲುಮಣ್ಣು ಸೇರಿಸಿ ತೂಕ ಮಾಡಿಸುತ್ತಾರೆ ಅನ್ನೋ ದೂರು ಆಗಲೇ ಇತ್ತು. 2007ಕ್ಕೆ ಓನಿಕ್ಸ್ ಹೋಯಿತು, ನೀಲ್ ಮೆಟಲ್ ಅಂತ ಬಂತು, ಅದೂ ಹೋಯಿತು. 2020ರಲ್ಲಿ ಹೊಸ ಗುತ್ತಿಗೆಗಳು. ಬರೋರು ಹೋಗೋರು ಬದಲಾಗ್ತಾರೆ, ಪೊರಕೆ ಹಿಡಿದ ಕೈ ಮಾತ್ರ ಹಳೆಯದೇ. ಪ್ರತಿ ಸಲವೂ ಹೊಸ ಅಂಗಿ, ಹೊಸ ಗುರುತಿನ ಚೀಟಿ. ಸೇವೆಯ ವರ್ಷ ಮಾತ್ರ ಮೊದಲಿಂದ ಎಣಿಕೆ.

ಸೊಸೆ: ಈಗಿನ ಗುತ್ತಿಗೆ ಟನ್ನಿನ ಮೇಲಲ್ಲ, ಕೆಲಸದ ಗುಣಮಟ್ಟ ಅಳೆದು ದುಡ್ಡು ಅಂತಾರೆ.

ಅತ್ತೆ: ಅಳೆಯೋರು ಯಾರು? ನಿನ್ನನ್ನ, ನನ್ನನ್ನ ಕೇಳಿ ಅಳೀತಾರಾ? ಅಲ್ಲಿಗೆ ಬಂದೆ ನೋಡು. ಅದು ಆಮೇಲೆ. ಮೊದಲು ನಿನ್ನ ಊರಿನ ಕಥೆ ಹೇಳು, ಬೆಂಗಳೂರಿನೋರು ಬಹಳ ಸಾಧಿಸಿದೀವಿ ಅಂತೀರಲ್ಲ.

ಸೊಸೆ: ಸ್ವಲ್ಪ ಸಾಧಿಸಿದ್ದು ಹೌದು. ಭಾರತದಲ್ಲಿ ಕಸಕ್ಕೆ ಅಂತ ನಿಯಮ ಬಂದದ್ದೇ ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ. ಅದರ ಬೆನ್ನಲ್ಲೇ 2000ದ ನಿಯಮಗಳು. ಆಮೇಲೆ ಮಾವಳ್ಳಿಪುರ, ಮಂಡೂರು. ಊರಿನ ಕಸವೆಲ್ಲ ತಂದು ಸುರಿದು ಸುರಿದು ಆ ಹಳ್ಳಿಗಳ ನೀರು ಕೆಟ್ಟಿತು. ಮಂಡೂರಿನವರು ರಸ್ತೆಗೆ ಅಡ್ಡ ಕೂತು, 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಲಾರಿ ಹೋಗೋದು ನಿಂತಿತು. ಅಲ್ಲಿ ಬಾಗಿಲು ಹಾಕಿದ ಮೇಲೆ ನಗರದಲ್ಲಿ ನಮಗೆ ಬುದ್ಧಿ ಬಂತು. ಎರಡು ಡಬ್ಬಿ, ಒಂದು ಚೀಲ. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಪ್ಯಾಡು, ಡೈಪರು, ಬ್ಯಾಂಡೇಜು, ಚೀಲಕ್ಕೆ ಒಣ ಕಸ. ಕೆಲವು ಹೆಂಗಸರು ತಮ್ಮ ತಮ್ಮ ಬಡಾವಣೆಗಳಲ್ಲಿ ಶುರು ಮಾಡಿದ್ದನ್ನೇ 2015ರ ಡಿಸೆಂಬರಿನಲ್ಲಿ ಹೈಕೋರ್ಟು ಇಡೀ ಊರಿಗೆ ಕಡ್ಡಾಯ ಮಾಡಿತು. ನಾನು ಮನೆಮನೆ ಹತ್ತಿ ಇಳಿದಿದೀನಿ ಅತ್ತೆ. ಪ್ಯಾಡನ್ನ ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಅಂತ ಹೇಳೋಕೆ ಎಷ್ಟು ಮುಜುಗರ ಗೊತ್ತಾ? ಬಾಗಿಲು ತೆಗೆದ ಗಂಡಸರು ‘ಮೇಡಂ ಇಲ್ಲ’ ಅಂತ ಮುಚ್ಚಿಬಿಡೋರು.

ಅತ್ತೆ: ಇದು ಕೆಲಸ. ಇದನ್ನ ಕೇಳಿ ನನಗೆ ನಿಜವಾಗಲೂ ಸಂತೋಷ. ಯಾಕೆ ಗೊತ್ತಾ? ನಮ್ಮ ಬೀದಿ ಗುಡಿಸೋಳ ಕೈ ನಾನು ನೋಡಿದೀನಿ. ಗ್ಲೌಸು ಕೊಟ್ಟಿರ್ತಾರೆ, ಎರಡನೇ ವಾರಕ್ಕೆ ಹೆಬ್ಬೆರಳ ಹತ್ತಿರ ತೂತು. ಗಾಜು ಚುಚ್ಚಿದ್ದು, ಇನ್ಸುಲಿನ್ ಸೂಜಿ ಚುಚ್ಚಿದ್ದು, ಬೆರಳ ಸಂದಿಯಲ್ಲಿ ಮಾಯದ ಹುಣ್ಣು. ಮನೆಗೆ ಕರೆದು ಡ್ರೆಸಿಂಗ್ ಮಾಡ್ತಿದ್ದೆ. ಟಿ.ಟಿ. ಇಂಜೆಕ್ಷನ್ ಹಾಕಿಸ್ಕೋ ಅಂದರೆ ‘ಒಂದು ದಿನ ಹೋದರೆ ಒಂದು ದಿನದ ಸಂಬಳ ಹೋಗತ್ತೆ ಅಮ್ಮಾ’ ಅನ್ನೋಳು. ನೀನು ಬೇರೆ ಮಾಡಿಸಿದ ಆ ಕೆಂಪು ಗುರುತಿನ ಪೊಟ್ಟಣ ಅವಳ ಬೆರಳು ಉಳಿಸತ್ತೆ. ಈಗ ಹೇಳು, ನಿಮ್ಮ ವಾರ್ಡಿನಲ್ಲಿ ಆ ಪೊಟ್ಟಣ ಈಸ್ಕೊಳ್ಳೋಳಿಗೆ ಸಂಬಳ ಯಾರು ಕೊಡ್ತಾರೆ?

ಸೊಸೆ: ಗುಡಿಸೋರಿಗೆ ಪಾಲಿಕೆ. ಮನೆಮನೆಗೆ ಬರೋ ಆಟೋ ಟಿಪ್ಪರಿನವರಿಗೆ ಗುತ್ತಿಗೆದಾರ.

ಅತ್ತೆ: ಗುಡಿಸೋರಿಗೆ ಪಾಲಿಕೆ ಅಂತಾದದ್ದು ಹೇಗೆ?

ಸೊಸೆ: ಅದು ಅವರದೇ ಹೋರಾಟ. ಮೊದಲು ಹೆಚ್ಚಿನವರು ಗುತ್ತಿಗೆಯಲ್ಲೇ ಇದ್ದರು, ಇಲ್ಲದವರ ಹೆಸರಲ್ಲೂ ಸಂಬಳ ಬರೀತಿದ್ದರು ಅಂತ ದೂರಿತ್ತು. 2017ರ ಹೊತ್ತಿಗೆ ಗುತ್ತಿಗೆದಾರನನ್ನು ಬಿಟ್ಟು ನೇರವಾಗಿ ಪಾಲಿಕೆಯೇ ಸಂಬಳ ಕೊಡೋ ಮಾತಾಯಿತು. ಬೆರಳಚ್ಚು ಹಾಜರಿ ಬಂತು. ಅದರ ಗೋಜಲಿನಲ್ಲಿ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಸಂಬಳವೇ ಬರಲಿಲ್ಲ. 2022ರ ಜುಲೈ ಮೊದಲ ವಾರ ಫ್ರೀಡಂ ಪಾರ್ಕಿನಲ್ಲಿ ಪೌರಕಾರ್ಮಿಕರು ಮುಷ್ಕರ ಕೂತರು. ನಾಲ್ಕೇ ದಿನಕ್ಕೆ ಸರ್ಕಾರ ಕಾಯಂ ಮಾಡೋ ಮಾತು ಕೊಟ್ಟಿತು. 2025ರ ಮೇ 1ರಂದು 12,692 ಜನಕ್ಕೆ ನೇಮಕದ ಪತ್ರ ಕೊಟ್ಟರು. ಟಿಪ್ಪರಿನ ಡ್ರೈವರು, ಹೆಲ್ಪರುಗಳು ಆ ಪಟ್ಟಿಯಲ್ಲಿಲ್ಲ.

ಅತ್ತೆ: ನೋಡಿದ್ಯಾ? ಚೆನ್ನೈನಲ್ಲಿ ಪಾಲಿಕೆಯಿಂದ ಕಂಪನಿಗೆ ತಳ್ಳಿದ ವರ್ಷವೇ ಬೆಂಗಳೂರಿನಲ್ಲಿ ಗುತ್ತಿಗೆಯಿಂದ ಪಾಲಿಕೆಗೆ ತಗೊಂಡರು. ಆಗಲ್ಲ, ದುಡ್ಡಿಲ್ಲ, ಇದೇ ಈಗಿನ ಕಾಲ ಅಂತ ಇಲ್ಲಿ ಹೇಳಿದರಲ್ಲ, ಆರು ಗಂಟೆ ರೈಲಿನ ದೂರದಲ್ಲಿ ಅದು ಆಗಿತ್ತು. ಮುಷ್ಕರದ ಆ ನಾಲ್ಕು ದಿನ ನಿಮ್ಮ ಡಬ್ಬಿ-ಚೀಲದ ಗುಂಪಿನವರು ಏನು ಮಾಡಿದಿರಿ?

ಸೊಸೆ: ಕೆಲವರು ಫ್ರೀಡಂ ಪಾರ್ಕಿಗೆ ಹೋಗಿದ್ದರು. ಹೆಚ್ಚಿನವರು ವಾಟ್ಸಾಪಿನಲ್ಲಿ ‘ಇವತ್ತು ಗಾಡಿ ಬರಲಿಲ್ಲ’ ಅಂತ ಫೋಟೋ ಹಾಕಿದರು.

ಅತ್ತೆ: ಅಲ್ಲೇ ಇರೋದು ವಿಷಯ. ಸೇವೆ ತಗೊಳ್ಳೋರದು ಒಂದು ಚಳವಳಿ, ಸೇವೆ ಮಾಡೋರದು ಇನ್ನೊಂದು. ಕಸ ಕೊನೆಗೆ ಹೋಗಿ ಬೀಳೋ ಊರಿನವರದು ಮೂರನೆಯದು. ಮೂರೂ ಒಂದೇ ಫೈಲು. ಇಲ್ಲೂ ಹಾಗೇ ಆಯಿತು. ಉತ್ತರ ಚೆನ್ನೈನ ಕಸ ಹೋಗಿ ಬೀಳೋದು ಕೊಡುಂಗೈಯೂರಿನಲ್ಲಿ. ಅಲ್ಲಿ ಕಸ ಸುಟ್ಟು ಕರೆಂಟು ಮಾಡ್ತೀವಿ ಅಂತ ಹೊರಟಾಗ, 2025ರ ಮೇ ತಿಂಗಳಲ್ಲಿ ಉತ್ತರ ಚೆನ್ನೈನ ನಿವಾಸಿ ಸಂಘಗಳು ಒಟ್ಟುಗೂಡಿ ಮಾನವ ಸರಪಳಿ ಮಾಡಿದವು. ಹೊಗೆ ಬೇಡ, ಬೇರೆ ಮಾಡಿ ಗೊಬ್ಬರ ಮಾಡಿ ಅಂತ. ಒಳ್ಳೆ ಕೆಲಸ. ಆದರೆ ಬೇರೆ ಮಾಡೋದು ಯಾರ ಕೈ? ನಮ್ಮ ಬೀದಿ ಗುಡಿಸೋಳದೇ ಕೈ. ಅವಳನ್ನು ಬೀದಿಗೆ ಹಾಕಿದ್ದು ಅದಾಗಿ ಎರಡೂವರೆ ತಿಂಗಳಿಗೆ. ಸರಪಳಿಗೆ ನಿಂತ ಕೈಗಳಲ್ಲಿ ಅರ್ಧ ರಿಪನ್ ಬಿಲ್ಡಿಂಗ್ ಮುಂದೆ ಬಂದಿದ್ದರೂ ‘ಇದು ಕೂಲಿಯವರ ಗಲಾಟೆ’ ಅಂತ ಅಷ್ಟು ಸುಲಭವಾಗಿ ಬಸ್ಸಿಗೆ ತುಂಬೋಕೆ ಆಗ್ತಿರಲಿಲ್ಲ.

ಸೊಸೆ: ಜಾತಿಯ ಮಾತು ನೀವು ಎತ್ತಲೇ ಇಲ್ಲ.

ಅತ್ತೆ: ಎತ್ತಬೇಕು, ಅದಿಲ್ಲದೆ ಈ ಕಥೆ ಅರ್ಥವಾಗಲ್ಲ. ಎರಡೂ ಊರಲ್ಲಿ ಪೊರಕೆ ಹಿಡಿದವರು ಬಹುಪಾಲು ದಲಿತ ಹೆಂಗಸರು. ನಿಮ್ಮ ಕಡೆ ಎಪ್ಪತ್ತರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ ಅಂತ ಮಾಡಿದ್ದರಲ್ಲ, 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಲಿ ಅಂತ ಬರೆದದ್ದು.

ಸೊಸೆ: ಸರ್ಕಾರ ಆಮೇಲೆ ಅದನ್ನ 700 ಮಾಡಿತು.

ಅತ್ತೆ: ಜನ ಹೆಚ್ಚಿದರು, ಕಸ ಹೆಚ್ಚಿತು, ಕೈ ಕಮ್ಮಿ ಮಾಡಿದರು. ಬೇರೆ ಯಾವ ಇಲಾಖೆಯಲ್ಲಾದರೂ ಹೀಗೆ ನಡೆಯುತ್ತಿತ್ತಾ? ಇದನ್ನು ಪಕ್ಕದ ಮನೆಯವರಿಗೆ ಹೇಳಿದರೆ ‘ನಿಮಗ್ಯಾಕೆ ಮಾಮಿ ಊರ ಉಸಾಬರಿ’ ಅಂತಾರೆ.

ಸೊಸೆ: ನಿಮ್ಮ ಊರಲ್ಲಿ ಎಲ್ಲರೂ ಸೇರಿ ಗೆದ್ದದ್ದು ಒಂದಾದರೂ ಇಲ್ವಾ?

ಅತ್ತೆ: ಅರ್ಧ ಗೆದ್ದದ್ದು ಒಂದಿದೆ. ಸಂಜೆ ಕರಕೊಂಡು ಹೋಗ್ತೀನಿ, ರಾಯಪುರಂ ಸ್ಟೇಷನ್. 1856ರ ಜೂನ್ 28ಕ್ಕೆ ಗವರ್ನರ್ ಲಾರ್ಡ್ ಹ್ಯಾರಿಸ್ ಉದ್ಘಾಟನೆ ಮಾಡಿದ್ದು. ದಕ್ಷಿಣದ ಮೊದಲ ಪ್ರಯಾಣಿಕರ ರೈಲು ಇಲ್ಲಿಂದಲೇ ಆರ್ಕಾಟಿನ ಕಡೆ ವಾಲಾಜಾ ರೋಡಿಗೆ ಹೋಯಿತು. ಇದಕ್ಕೂ ಮುಂಚಿನ ಮುಂಬೈ ಕಡೆಯ ಮೊದಲ ಸ್ಟೇಷನ್ನುಗಳ ಹಳೆ ಕಟ್ಟಡಗಳು ಉಳಿದಿಲ್ಲ, ಇದು ಉಳಿದಿದೆ. 1864ರಲ್ಲಿ ನಿಮ್ಮ ಬೆಂಗಳೂರು ದಂಡಿಗೆ ರೈಲು ಬಂತಲ್ಲ, ಆಗ ಮದ್ರಾಸಿನ ಕಡೆಯ ತುದಿ ಸೆಂಟ್ರಲ್ ಅಲ್ಲ, ಸೆಂಟ್ರಲ್ ಹುಟ್ಟಿದ್ದೇ 1873ರಲ್ಲಿ. ಮೈಸೂರು ಸೀಮೆಯಿಂದ ಬಂದೋರು ಇಳಿದದ್ದು ಈ ಕಂಬಗಳ ಕೆಳಗೆ. ನಾನು ಬಂದ ಹೊಸತರಲ್ಲಿ ಕಟ್ಟಡದೊಳಗೆ ಗಿಡ ಬೆಳೆದಿತ್ತು, ಸೂರು ಕಿತ್ತುಹೋಗಿತ್ತು. ಪಾರಂಪರಿಕ ಕಟ್ಟಡ ಅಂತ ತಲೆ ಕೆಡಿಸಿಕೊಂಡೋರು, ರೈಲ್ವೆಯ ಹಳೇ ನೌಕರರು, ಪತ್ರಿಕೆಯವರು ಬಿಡದೆ ಬರೆದು ಬರೆದು 2005ರಲ್ಲಿ ದುರಸ್ತಿ ಆಯಿತು. ಈಗ ಬಣ್ಣ ಚೆನ್ನಾಗಿದೆ.

ಸೊಸೆ: ಅರ್ಧ ಅಂದಿರಿ?

ಅತ್ತೆ: ಇನ್ನರ್ಧ ಸೇವೆ. ಸೆಂಟ್ರಲ್ಲು, ಎಗ್ಮೋರು ಎರಡೂ ಕಿಕ್ಕಿರಿದಿವೆ, ಮೂರನೇ ಟರ್ಮಿನಲ್ ರಾಯಪುರದಲ್ಲಿ ಮಾಡಿ, ಜಾಗ ಬಿದ್ದಿದೆ ಅಂತ ಪ್ರಯಾಣಿಕರ ಸಂಘಗಳು ವರ್ಷಗಟ್ಟಲೆ ಕೇಳಿದವು. ಉತ್ತರ ಚೆನ್ನೈಗೆ ಕೊಡೋದು ಬರೀ ಕಸ, ಕಲ್ಲಿದ್ದಲು, ಹೊಗೆ, ಒಂದಾದರೂ ಒಳ್ಳೇದು ಕೊಡಿ ಅಂತ. ಮೂರನೇ ಟರ್ಮಿನಲ್ ಆದದ್ದು ತಾಂಬರಂ. ಇಲ್ಲಿ ಲೋಕಲ್ ನಿಲ್ಲತ್ತೆ, ಹೋಗತ್ತೆ. ದೂರದ ರೈಲು ಹೊರಡಲ್ಲ. ಕಟ್ಟಡ ಉಳಿಸಿ ಅಂದರೆ ಎಲ್ಲರಿಗೂ ಖುಷಿ, ಫೋಟೋ ತೆಗೆಸಿಕೊಳ್ಳಬಹುದು. ರೈಲು ಕೊಡಿ ಅಂದರೆ ವರ್ಷ ವರ್ಷವೂ ದುಡ್ಡು ಬೇಕು, ಜನ ಬೇಕು. ಸರ್ಕಾರಕ್ಕೆ ಕಟ್ಟಡ ಉಳಿಸೋ ಚಳವಳಿ ಇಷ್ಟ, ಸೇವೆ ಉಳಿಸೋ ಚಳವಳಿ ಕಷ್ಟ.

ಸೊಸೆ: ಆಸ್ಪತ್ರೆ? ನಿಮ್ಮ ಕ್ಷೇತ್ರ.

ಅತ್ತೆ: ಸ್ಟ್ಯಾನ್ಲಿ ಆಸ್ಪತ್ರೆಗೆ ಈಗಲೂ ಇಲ್ಲಿನ ಹಳಬರು ‘ಕಂಜಿ ತೊಟ್ಟಿ ಆಸ್ಪತ್ರೆ’ ಅಂತಾರೆ. 1782ರ ಕ್ಷಾಮ. ನಮ್ಮ ಹೈದರಾಲಿಯ ದಂಡು ಈ ಸೀಮೆಯನ್ನೆಲ್ಲ ಸುಟ್ಟಿದ್ದ ಕಾಲ, ಅದನ್ನ ಇಲ್ಲಿ ನಾನು ಜೋರಾಗಿ ಹೇಳಲ್ಲ. ಹಸಿದು ಬಂದವರಿಗೆ ಮಣಿಯಗಾರರ ಛತ್ರದಲ್ಲಿ ಗಂಜಿ ಹಾಕಿದರು. ಅದರ ಬೆನ್ನಿಗೆ ಔಷಧಿ ಬಂತು, ಆಸ್ಪತ್ರೆ ಬಂತು, 1938ರಲ್ಲಿ ಮೆಡಿಕಲ್ ಕಾಲೇಜು. ಹೆರಿಗೆ ಆಸ್ಪತ್ರೆಗೆ ರಾಜಾ ಸರ್ ರಾಮಸ್ವಾಮಿ ಮುದಲಿಯಾರರ ಹೆಸರಿದೆ. ಎಲ್ಲ ದಾನಿಗಳ ಕೈಯಿಂದ ಶುರುವಾಗಿ ಸರ್ಕಾರದ ಕೈಗೆ ಬಂದದ್ದು. ದಾನಿ ಕೊಟ್ಟಾಗ ಕೈಮುಗಿದು ತಗೋಬೇಕು. ಸರ್ಕಾರದ್ದಾದ ಮೇಲೆ ಮೀನುಗಾರರ ಹೆಂಗಸೂ ಸೊಂಟಕ್ಕೆ ಕೈಯಿಟ್ಟು ‘ಯಾಕಮ್ಮಾ ಡಾಕ್ಟರಿಲ್ಲ’ ಅಂತ ನನ್ನನ್ನ ಕೇಳುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು. ಆ ಸೊಂಟಕ್ಕೆ ಕೈಯಿಡೋ ಹಕ್ಕನ್ನೇ ಗುತ್ತಿಗೆ ಕಿತ್ತುಕೊಳ್ಳೋದು. ಕಸ ಎತ್ತಿಲ್ಲ ಅಂತ ವಾರ್ಡ್ ಆಫೀಸಿಗೆ ಹೋದರೆ ‘ಕಂಪನಿಗೆ ಫೋನ್ ಮಾಡಿ’, ಕಂಪನಿಗೆ ಫೋನ್ ಮಾಡಿದರೆ ‘ದೂರು ದಾಖಲಾಗಿದೆ’.

ಸೊಸೆ: ಅದಕ್ಕೇ ಚುನಾಯಿತ ಕೌನ್ಸಿಲ್ ಇರಬೇಕು ಅಂತ ನಾವು ಬಡಕೊಳ್ಳೋದು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಕೌನ್ಸಿಲ್ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಮಾಡಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಅಂತ ಮಾಡಿ ಐದು ಪಾಲಿಕೆಗೆ ಒಡೆದರು. ಕಾರ್ಪೊರೇಟರ್ ಇದ್ದಿದ್ದರೆ ಕಾಲರ್ ಹಿಡಿದು ಕೇಳಬಹುದಿತ್ತು.

ಅತ್ತೆ: ಅರ್ಧ ಸರಿ. ಇಲ್ಲೂ 2016ರಿಂದ 2022ರವರೆಗೆ ಕೌನ್ಸಿಲ್ ಇರಲಿಲ್ಲ. 2020ರ ದೊಡ್ಡ ಗುತ್ತಿಗೆಗಳೆಲ್ಲ ಆ ಖಾಲಿಯಲ್ಲೇ ಆದವು, ಕೇಳೋರಿರಲಿಲ್ಲ. ಆದರೆ ನಮ್ಮ ವಲಯವನ್ನು 2025ರಲ್ಲಿ ಕೊಟ್ಟದ್ದು ಚುನಾಯಿತ ಕೌನ್ಸಿಲ್ಲೇ, ನಾನು ವೋಟು ಹಾಕಿದವರೇ ಕೈ ಎತ್ತಿದ್ದು. ಅದಕ್ಕೆ ಮುಂಚೆ ಈ ಬೀದಿಗೆ ಬಂದು ‘ನಿಮ್ಮ ಅಭಿಪ್ರಾಯವೇನು’ ಅಂದವರಿಲ್ಲ. ಏರಿಯಾ ಸಭೆ, ವಾರ್ಡ್ ಸಮಿತಿ ಅಂತ ತಮಿಳುನಾಡಿನಲ್ಲಿ 2022ರಲ್ಲೇ ನಿಯಮ ಬಂದಿದೆ. ಸಭೆ ಕರೆದರೆ ಬೀದಿದೀಪದ ಮಾತಾಡಿ ಟೀ ಕುಡಿದು ಎದ್ದು ಬರ್ತಾರೆ.

ಸೊಸೆ: ನಮ್ಮಲ್ಲೂ ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿ ಸಭೆ ಮಾಡಿಸೋಕೆ ನಾಗರಿಕ ಗುಂಪುಗಳು ಒದ್ದಾಡಿದವು. ಒಂದಿಷ್ಟು ವಾರ್ಡುಗಳಲ್ಲಿ ಚೆನ್ನಾಗಿ ನಡೆದದ್ದೂ ಹೌದು. ಆದರೆ ನಾವು ಕೇಳುತ್ತಿದ್ದದ್ದು ಗಾಡಿ ಯಾಕೆ ಬರಲಿಲ್ಲ ಅಂತ. ಗಾಡಿಯಲ್ಲಿ ಎಷ್ಟು ಜನ ಇರಬೇಕು ಅಂತ ಗುತ್ತಿಗೆಯಲ್ಲಿ ಬರೆದಿದೆ, ಎಷ್ಟು ಜನ ಬರ್ತಿದ್ದಾರೆ ಅಂತ ಕೇಳಿರಲಿಲ್ಲ.

ಅತ್ತೆ: ಈಗ ದಾರಿಗೆ ಬಂದೆ. ಗಾಡಿಗೆ ಇಬ್ಬರು ಅಂತ ಬರೆದು ಒಬ್ಬನನ್ನ ಕಳಿಸಿದರೆ, ಆ ಒಬ್ಬ ಹಸಿ-ಒಣ ಎಲ್ಲ ಒಂದಕ್ಕೇ ಸುರೀತಾನೆ. ನೀನು ಬೆಳಗ್ಗೆ ಬೇರೆ ಮಾಡಿದ್ದು ಹತ್ತು ನಿಮಿಷಕ್ಕೆ ಮಣ್ಣುಪಾಲು. ನಿನಗೆ ಸಿಟ್ಟು ಬರೋದು ಅವನ ಮೇಲೆ. ಆ ಎರಡನೆಯವನ ಸಂಬಳ ಎಲ್ಲಿಗೆ ಹೋಯಿತು ಅಂತ ಕೇಳಿದರೆ ನಿನ್ನ ಡಬ್ಬಿಗೂ ಅವನ ಹೊಟ್ಟೆಗೂ ಒಟ್ಟಿಗೇ ನ್ಯಾಯ ಸಿಗತ್ತೆ. ಧರಣಿ ಕೂತವರಿಗೆ ನಾವು ನೀರು, ಬಿಸ್ಕತ್ತು ಕೊಟ್ಟು ಬಂದದ್ದು ಸಾಲಲ್ಲ. ಲೆಕ್ಕ ಕೇಳಬೇಕಿತ್ತು.

ಸೊಸೆ: ನಮಗೆ 2025ರ ಏಪ್ರಿಲಿನಿಂದ ಆಸ್ತಿ ತೆರಿಗೆ ಜೊತೆಗೇ ಕಸದ ಶುಲ್ಕ ಬೇರೆ ಹಾಕಿದ್ದಾರೆ. ದುಡ್ಡು ಕೊಡೋರು ಲೆಕ್ಕ ಕೇಳೋಕೆ ಹಿಂಜರಿಬೇಕಾಗಿಲ್ಲ.

ಅತ್ತೆ: ಹಾಗಾದರೆ ಊರಿಗೆ ಹೋದ ಕೂಡಲೇ ಬರಿ. ನಾನು ಇಲ್ಲಿ ತಮಿಳಿನಲ್ಲಿ ಬರೀತೀನಿ, ನೀನು ಅಲ್ಲಿ ಕನ್ನಡದಲ್ಲಿ. ನಮ್ಮ ವಾರ್ಡಿನ ಕಸದ ಗುತ್ತಿಗೆ ಪತ್ರದ ನಕಲು ಕೊಡಿ. ಗಾಡಿಗೆ ಎಷ್ಟು ಜನ, ಒಬ್ಬೊಬ್ಬರಿಗೆ ಸಂಬಳ ಎಷ್ಟು, ಪಿ.ಎಫ್., ಇ.ಎಸ್.ಐ. ಕಟ್ಟಿದ್ದಾರಾ, ಗ್ಲೌಸು ಎಷ್ಟು ದಿನಕ್ಕೆ, ಕಂಪನಿಗೆ ಹಾಕಿದ ದಂಡ ಎಷ್ಟು. ಬರೆಯೋ ಮುಂಚೆ ಗುಡಿಸೋರನ್ನ ಕರೆದು ಕೂರಿಸಿಕೊಂಡು ಕೇಳು, ಯಾವ ಪ್ರಶ್ನೆ ಕೇಳಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. 30 ದಿನದೊಳಗೆ ಅವರು ಉತ್ತರ ಕೊಡಲೇಬೇಕು.